30 ಹಾಡು, 14 ಜಾಗ: ಬೀಟಲ್ಸ್‌ನ ವೈಟ್ ಆಲ್ಬಮ್ಮನ್ನು ನೀವೇ ಜೋಡಿಸಿ ನೋಡಿ

ಇಂಗ್ಲೆಂಡಿನ ನಾಲ್ವರ ರಾಕ್ ಬ್ಯಾಂಡ್ ಬೀಟಲ್ಸ್ 1968ರ ನವೆಂಬರ್ 22ರಂದು ಹೊರತಂದ ಆಲ್ಬಮ್ಮಿಗೆ ಬ್ಯಾಂಡಿನ ಹೆಸರು ಬಿಟ್ಟರೆ ಬೇರೆ ಹೆಸರಿಲ್ಲ. ಕವರ್ ಪೂರ್ತಿ ಬಿಳಿ. ಹಾಗಾಗಿ ಎಲ್ಲರ ಬಾಯಲ್ಲೂ ಅದು ವೈಟ್ ಆಲ್ಬಮ್. ಎರಡು ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ), ನಾಲ್ಕು ಬದಿ, 30 ಹಾಡು, 93 ನಿಮಿಷ ಚಿಲ್ಲರೆ. ಕ್ಯಾಸೆಟ್ ಕಾಲದವರಿಗೆ ಈ ಲೆಕ್ಕ ತಕ್ಷಣ ಹೊಳೆಯುತ್ತದೆ: 90 ನಿಮಿಷದ ಸಿ-90 ಕ್ಯಾಸೆಟ್ಟಿನಲ್ಲೂ ಇದು ಪೂರ್ತಿ ಹಿಡಿಯುವುದಿಲ್ಲ.

ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್‌ಗೆ ಈ ಉದ್ದ ಇಷ್ಟವಿರಲಿಲ್ಲ. ಒಳ್ಳೇ ಹಾಡುಗಳನ್ನು ಆರಿಸಿ ಒಂದೇ ಎಲ್‌ಪಿ ಮಾಡಬೇಕಿತ್ತು ಅಂತ ಅವರು ಆಮೇಲೆ ಹೇಳಿದ್ದಾರೆ. ಪಾಲ್ ಮೆಕಾರ್ಟ್ನಿ ಈ ಮಾತನ್ನು ಸುತರಾಂ ಒಪ್ಪುವುದಿಲ್ಲ. 50 ವರ್ಷ ದಾಟಿತು, ಅಭಿಮಾನಿಗಳ ನಡುವೆ ಈ ವಾದ ಇನ್ನೂ ಮುಗಿದಿಲ್ಲ. ವಾದ ಮಾಡುವ ಬದಲು ಕೂತು ಒಂದೇ ಎಲ್‌ಪಿ ಮಾಡಿ ನೋಡಿ ಅಂತ ನನ್ನ ಸಲಹೆ. ಮಾಡುತ್ತಾ ಹೋದಂತೆ ಈ ಆಲ್ಬಮ್ ನಿಮಗೆ ಮೊದಲಿಗಿಂತ ಜಾಸ್ತಿ ಗೊತ್ತಾಗುತ್ತದೆ. ಹೇಗೆ ಅಂತ ಒಂದೊಂದೇ ಹೆಜ್ಜೆ ಹೇಳುತ್ತೇನೆ, ನನ್ನ ಪಟ್ಟಿಯನ್ನೂ ಕೊಡುತ್ತೇನೆ. ನೀವು ಅದನ್ನು ಮುರಿದು ನಿಮ್ಮದು ಕಟ್ಟಿಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಷ್ಟದ ಹಾಡುಗಳನ್ನೆಲ್ಲ ಒಂದು ಕಡೆ ಹಾಕಿದರೆ ಅದು ಆಲ್ಬಮ್ ಆಗುವುದಿಲ್ಲ. ಕರ್ನಾಟಕ ಸಂಗೀತದ ಕಚೇರಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲು ವರ್ಣ, ನಡುವೆ ದೊಡ್ಡ ಕೃತಿ ಮತ್ತು ತನಿ ಆವರ್ತನ, ಆಮೇಲೆ ದೇವರನಾಮ, ತಿಲ್ಲಾನ, ಕೊನೆಗೆ ಮಂಗಳ. ಅವೇ ರಚನೆಗಳನ್ನು ಹಿಂದುಮುಂದು ಮಾಡಿ ಹಾಡಿದರೆ ಹಾಡಿದ್ದು ಚೆನ್ನಾಗಿದ್ದರೂ ಕಚೇರಿ ಕೂರುವುದಿಲ್ಲ. ಎಲ್‌ಪಿಯೂ ಹಾಗೇ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಜಾಗ ಇದೆಯಲ್ಲ, ನಿಮ್ಮ ಕೆಲಸವೆಲ್ಲ ಅಲ್ಲೇ ಇರುವುದು.

ಮೊದಲು ಕರಾರು ಹಾಕಿಕೊಳ್ಳಿ

ಕರಾರಿಲ್ಲದೆ ಕೂತರೆ ಪಟ್ಟಿ 20 ಹಾಡಿಗೆ ಹೋಗಿ ನಿಲ್ಲುತ್ತದೆ, ಆಮೇಲೆ ಯಾವುದನ್ನು ತೆಗೆಯಲೂ ಮನಸ್ಸು ಬರುವುದಿಲ್ಲ. ನಾನು ಹಾಕಿಕೊಂಡ ಕರಾರು ಇಷ್ಟು. ಒಂದೇ ಎಲ್‌ಪಿ. ಬದಿಗೆ 22 ನಿಮಿಷ, ಅಬ್ಬಬ್ಬಾ ಅಂದರೆ ಹತ್ತಿಪ್ಪತ್ತು ಸೆಕೆಂಡು ಜಾಸ್ತಿ. ಆಲ್ಬಮ್ಮಿನಲ್ಲಿ ಇರುವ ಹಾಡುಗಳು ಮಾತ್ರ, ಸಿಂಗಲ್ ಆಗಿ, ಅಂದರೆ ಬದಿಗೊಂದೇ ಹಾಡಿನ ಸಣ್ಣ ತಟ್ಟೆಯಾಗಿ ಬಂದವು ಬೇಡ. ಜಾನ್, ಪಾಲ್, ಜಾರ್ಜ್ ಹ್ಯಾರಿಸನ್, ರಿಂಗೋ, ಬ್ಯಾಂಡಿನ ಈ ನಾಲ್ವರ ದನಿಯೂ ಇರಬೇಕು. ಒಬ್ಬರೇ ಬರೆದ ಹಾಡು ಸಾಲಾಗಿ ಎರಡಕ್ಕಿಂತ ಜಾಸ್ತಿ ಬರಬಾರದು.

ಈ 22 ನಿಮಿಷ ನಾನು ಸುಮ್ನೆ ಇಟ್ಟಿದ್ದಲ್ಲ. ಎಲ್‌ಪಿಯ ಒಂದು ಬದಿಗೆ ಹೆಚ್ಚು ನಿಮಿಷ ತುಂಬಿದಷ್ಟೂ ಗೀರುಗಳು ಒತ್ತೊತ್ತಾಗಬೇಕು. ಒತ್ತಾದರೆ ಸದ್ದಿನ ಮಟ್ಟ ಇಳಿಸಬೇಕು, ಬಾಸ್ ತೆಳುವಾಗುತ್ತದೆ. ಇನ್ನೊಂದು ವಿಷಯವೂ ಇದೆ. ತಟ್ಟೆ ನಿಮಿಷಕ್ಕೆ 33 ಮತ್ತು ಮೂರನೇ ಒಂದು ಸುತ್ತು ತಿರುಗುತ್ತದೆ, ಅದು ಬದಲಾಗುವುದಿಲ್ಲ, ಆದರೆ ಮುಳ್ಳು ಹೊರಗಿನಿಂದ ನಡುವಿಗೆ ಬಂದಂತೆ ಪ್ರತಿ ಸುತ್ತಿನ ಉದ್ದ ಕಡಿಮೆಯಾಗುತ್ತಾ ಬರುತ್ತದೆ, ಅಂದರೆ ಅಷ್ಟೇ ಸದ್ದನ್ನು ಕಡಿಮೆ ಜಾಗದಲ್ಲಿ ತುರುಕಬೇಕಾಗುತ್ತದೆ. ಅದಕ್ಕೇ ಬದಿಯ ಕೊನೆಯಲ್ಲಿ ಅಬ್ಬರದ ಹಾಡಿಗಿಂತ ಮೆದು ಹಾಡು ಇದ್ದರೆ ವಾಸಿ. ವೈಟ್ ಆಲ್ಬಮ್ ನೋಡಿ: ಎರಡನೇ ಬದಿ ಜೂಲಿಯಾದಲ್ಲಿ ಮುಗಿಯುತ್ತದೆ, ಮೂರನೆಯದು ಲಾಂಗ್ ಲಾಂಗ್ ಲಾಂಗ್‌ನಲ್ಲಿ, ನಾಲ್ಕನೆಯದು ಗುಡ್ ನೈಟ್‌ನಲ್ಲಿ. ಮೂರೂ ಮೆದು.

ಸಿಂಗಲ್ ಬೇಡ ಅನ್ನುವುದಕ್ಕೂ ಕಾರಣವಿದೆ. ಹೇ ಜೂಡ್ ಮತ್ತು ಅದರ ಹಿಂಬದಿಯ ರೆವಲ್ಯೂಷನ್ 1968ರ ಆಗಸ್ಟ್ ಕೊನೆಯಲ್ಲೇ ಬಂದಿದ್ದವು. ಸಿಂಗಲ್ಲಿಗೆ ದುಡ್ಡು ಕೊಟ್ಟವರಿಗೆ ಆಲ್ಬಮ್ಮಿನಲ್ಲಿ ಅದೇ ಹಾಡು ಮತ್ತೆ ಮಾರಬಾರದು ಅನ್ನುವುದು ಬೀಟಲ್ಸ್ ಬಳಗ ಆಗ ಹೆಚ್ಚಾಗಿ ಪಾಲಿಸುತ್ತಿದ್ದ ರೀತಿ. ಅದೂ ಅಲ್ಲದೆ ಹೇ ಜೂಡ್ 7 ನಿಮಿಷ ದಾಟುತ್ತದೆ. ಒಳಗೆ ಬಿಟ್ಟುಕೊಂಡರೆ ಬದಿಯ ಮೂರನೇ ಒಂದು ಭಾಗ ಅದೇ ನುಂಗುತ್ತದೆ, ಮಿಕ್ಕ ಹಾಡುಗಳು ಅದಕ್ಕೆ ಕಾವಲು ನಿಂತ ಹಾಗೆ ಕಾಣುತ್ತವೆ.

ಬರೆದವರ ಸರದಿಯ ಕರಾರು ನನ್ನದಲ್ಲ, ಅವರದೇ. 1968ರ ಅಕ್ಟೋಬರ್ 16ರ ಸಂಜೆಯಿಂದ ಮರುದಿನ ಸಂಜೆಯವರೆಗೆ, ಸುಮಾರು 24 ಗಂಟೆ ಒಂದೇ ಸಮನೆ, ಜಾನ್ ಲೆನನ್, ಪಾಲ್ ಮತ್ತು ಮಾರ್ಟಿನ್ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಕೂತು ಹಾಡುಗಳ ಕ್ರಮ ಕಟ್ಟಿದರು. ಎಂಜಿನಿಯರ್‌ಗಳಾದ ಕೆನ್ ಸ್ಕಾಟ್ ಮತ್ತು ಜಾನ್ ಸ್ಮಿತ್ ಜೊತೆಗಿದ್ದರು. ರಿಂಗೋ ಸ್ಟಾರ್ ರಜೆಗೆ ಸಾರ್ಡಿನಿಯಾಕ್ಕೆ ಹೋಗಿದ್ದರು, ಜಾರ್ಜ್ ಹ್ಯಾರಿಸನ್ ಲಾಸ್ ಏಂಜಲೀಸ್‌ಗೆ ಹೊರಟುಬಿಟ್ಟಿದ್ದರು. ಅಲ್ಲಿ ಆದ ತೀರ್ಮಾನಗಳು ಆಲ್ಬಮ್ಮಿನಲ್ಲೇ ಕಾಣುತ್ತವೆ: ಬದಿಗೆ ಒಂದೊಂದು ಜಾರ್ಜ್ ಹಾಡು, ಕೊನೆಯಲ್ಲಿ ಸಾಲಾಗಿ ಬರುವ ಜಾನ್ ಬರೆದ ಮೂರು ಹಾಡು ಬಿಟ್ಟರೆ ಯಾರದೂ ಸಾಲಾಗಿ ಎರಡಕ್ಕಿಂತ ಜಾಸ್ತಿ ಇಲ್ಲ, ಪ್ರಾಣಿಪಕ್ಷಿಗಳ ಹೆಸರಿರುವ ಬ್ಲ್ಯಾಕ್‌ಬರ್ಡ್, ಪಿಗ್ಗೀಸ್, ರಾಕಿ ರಕೂನ್ ಎರಡನೇ ಬದಿಯಲ್ಲಿ ಒಟ್ಟಿಗೆ, ಗಡಸು ರಾಕ್ ಹೆಚ್ಚಾಗಿ ಮೂರನೇ ಬದಿಗೆ. ಇದನ್ನು ತಿಳಿದುಕೊಂಡು ಶುರು ಮಾಡಿ. ಅವರು ಹೇಗೆ ಯೋಚಿಸಿದರು ಅಂತ ಗೊತ್ತಿದ್ದರೆ ಎಲ್ಲಿ ಅವರ ಜೊತೆ ನಡೆಯಬೇಕು, ಎಲ್ಲಿ ಬೇರೆ ದಾರಿ ಹಿಡಿಯಬೇಕು ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಪೂರ್ತಿ ಕೇಳಿ, ಹಾಳೆಯಲ್ಲಿ ಬರೆದುಕೊಳ್ಳಿ

ಎರಡು ಸಂಜೆ ಬಿಡುವು ಮಾಡಿಕೊಳ್ಳಿ. ಒಂದು ಸಂಜೆ ಎರಡು ಬದಿ. ಪ್ರತಿ ಹಾಡಿಗೂ ಒಂದು ಸಾಲು: ಹೆಸರು, ಬರೆದವರು, ಹಾಡಿದವರು, ನಿಮಿಷ-ಸೆಕೆಂಡು, ಹೇಗೆ ಶುರುವಾಗುತ್ತದೆ, ಹೇಗೆ ಮುಗಿಯುತ್ತದೆ. ಕೊನೆಯ ಎರಡು ಕಾಲಮ್‌ಗಳೇ ಮುಖ್ಯ. "ಗಿಟಾರ್ ಒಂದೇ, ಮೆದು", "ಡ್ರಮ್ ಏಟು", "ನಿಧಾನ ಕರಗುತ್ತದೆ", "ಥಟ್ಟನೆ ನಿಲ್ಲುತ್ತದೆ", ಇಷ್ಟು ಬರೆದರೆ ಸಾಕು.

ಯಾವ ಮಿಕ್ಸ್ (ದನಿ, ವಾದ್ಯಗಳನ್ನು ಬೆರೆಸಿದ ರೀತಿ) ಕೇಳುತ್ತಿದ್ದೀರಿ ಅಂತಲೂ ಗುರುತು ಹಾಕಿ. 2009ರ ರೀಮಾಸ್ಟರ್ ಒಂದು ಥರ, ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ 2018ರಲ್ಲಿ ಮಾಡಿದ ರೀಮಿಕ್ಸ್ ಇನ್ನೊಂದು ಥರ. ಎರಡನ್ನೂ ಕಲಸಿದರೆ ಹಾಡಿನಿಂದ ಹಾಡಿಗೆ ದನಿಯ ತೂಕ ಏರುಪೇರಾಗುತ್ತದೆ. ಮೋನೋ ಮಿಕ್ಸ್ ಹಿಡಿದರಂತೂ ಕೆಲವು ಹಾಡು ಉದ್ದದಲ್ಲೇ ಬೇರೆ. ಹೆಲ್ಟರ್ ಸ್ಕೆಲ್ಟರ್ ಸ್ಟೀರಿಯೋದಲ್ಲಿ ಕರಗಿ ಹೋಗಿ ಮತ್ತೆ ಎದ್ದು ಬರುತ್ತದೆ, ಕೊನೆಗೆ ರಿಂಗೋ ಬೆರಳೆಲ್ಲ ಬೊಬ್ಬೆ ಎದ್ದಿದೆ ಅಂತ ಕಿರುಚುವುದು ಕೇಳಿಸುತ್ತದೆ. ಮೋನೋದಲ್ಲಿ ಆ ಕಿರುಚಾಟವೇ ಇಲ್ಲ, ಹಾಡು ಹೆಚ್ಚುಕಡಿಮೆ ಒಂದು ನಿಮಿಷ ಚಿಕ್ಕದು. ನಾನು ಕೊಡುವ ಲೆಕ್ಕವೆಲ್ಲ ಸ್ಟೀರಿಯೋದ್ದು.

ಯಾವುದು ಯಾವುದಕ್ಕೆ ಅಂಟಿಕೊಂಡಿದೆ?

ಈ ಆಲ್ಬಮ್ಮಿನ ವಿಶೇಷ ಅಂದರೆ ಹಾಡುಗಳ ನಡುವೆ ಆಗಿನ ರಾಕ್ ಎಲ್‌ಪಿಗಳಲ್ಲಿ ಇರುತ್ತಿದ್ದ ಮೌನ ಹೆಚ್ಚಿನ ಕಡೆ ಇಲ್ಲ. ಬ್ಯಾಕ್ ಇನ್ ದಿ ಯುಎಸ್‌ಎಸ್‌ಆರ್ ಕೊನೆಯಲ್ಲಿ ವಿಮಾನದ ಮೊರೆತ ಇದೆ. ಅದು ಕರಗುವ ಮೊದಲೇ ಕೆಳಗಿನಿಂದ ಡಿಯರ್ ಪ್ರೂಡೆನ್ಸ್‌ನ ಗಿಟಾರ್ ಎದ್ದು ಬರುತ್ತದೆ. ಈ ಎರಡನ್ನು ಬೇರೆ ಮಾಡಿದರೆ ವಿಮಾನ ನಡುಗಾಳಿಯಲ್ಲಿ ಕತ್ತರಿಸಿದಂತೆ ನಿಲ್ಲುತ್ತದೆ. ಬಂಗಲೋ ಬಿಲ್ ಕೊನೆಗೆ ಒಂದು ಕೂಗು ಇದೆ, ಅದು ನೇರ ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್‌ಗೆ ತಳ್ಳುತ್ತದೆ. ಕ್ರೈ ಬೇಬಿ ಕ್ರೈ ಬಾಲದಲ್ಲಿ ಕವರ್ ಮೇಲೆ ಹೆಸರೇ ಇಲ್ಲದ ಪಾಲ್ ಹಾಡಿನ ತುಣುಕೊಂದು ಇದೆ. ಐ ಆಮ್ ಸೋ ಟಯರ್ಡ್ ಕೊನೆಯಲ್ಲಿ ಜಾನ್ ಏನೋ ಗೊಣಗುತ್ತಾರೆ.

ಇಂಥವನ್ನೆಲ್ಲ ಹಾಳೆಯಲ್ಲಿ ಗೆರೆ ಎಳೆದು ಜೋಡಿ ಮಾಡಿ. ಆಮೇಲೆ ಪ್ರತಿ ಜೋಡಿಗೂ ಕೇಳಿಕೊಳ್ಳಿ: ಇವು ಒಟ್ಟಿಗೇ ಇರಬೇಕಾ, ಬಿಡಿಸಬಹುದಾ? ನನ್ನ ಲೆಕ್ಕದಲ್ಲಿ ಬಿಡಿಸಲೇಬಾರದ ಜೋಡಿಗಳು ಮೂರು. ಯುಎಸ್‌ಎಸ್‌ಆರ್ ಮತ್ತು ಪ್ರೂಡೆನ್ಸ್ ಮೊದಲನೆಯದು. ಎರಡನೆಯದು ವೈಲ್ ಮೈ ಗಿಟಾರ್ ಮತ್ತು ಹ್ಯಾಪಿನೆಸ್ ಈಸ್ ಎ ವಾರ್ಮ್ ಗನ್. ಗಿಟಾರ್ ಹಾಡು ಎ ಮೈನರ್ ಸ್ವರಶ್ರೇಣಿಯಲ್ಲಿ ಅಳುತ್ತಾ ಕರಗುತ್ತದೆ, ಹ್ಯಾಪಿನೆಸ್ ಅದೇ ಎ ಮೈನರ್ ನೆರಳಿನಲ್ಲಿ ಮೆಲ್ಲಗೆ ಬಾಯಿ ತೆರೆಯುತ್ತದೆ. ಮೂರನೆಯದು ಹೆಲ್ಟರ್ ಸ್ಕೆಲ್ಟರ್ ಮತ್ತು ಲಾಂಗ್ ಲಾಂಗ್ ಲಾಂಗ್. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಎರಡು ಬಾಗಿಲು, ಎರಡು ಕೊನೆ

ಎಲ್‌ಪಿಗೆ ನಾಲ್ಕು ಮುಖ್ಯ ಜಾಗ: ಮೊದಲ ಬದಿಯ ಮೊದಲ ಹಾಡು, ಕೊನೆಯ ಹಾಡು, ಎರಡನೇ ಬದಿಯ ಮೊದಲ ಹಾಡು, ಕೊನೆಯ ಹಾಡು. ಈ ನಾಲ್ಕನ್ನು ಮೊದಲು ತುಂಬಿ. ಮಿಕ್ಕಿದ್ದು ಆಮೇಲೆ.

ಮೊದಲ ಬದಿಯ ಬಾಗಿಲು ಬ್ಯಾಕ್ ಇನ್ ದಿ ಯುಎಸ್‌ಎಸ್‌ಆರ್. ಇದನ್ನು ಬದಲಾಯಿಸಲು ನನಗೆ ಕಾರಣ ಸಿಗಲಿಲ್ಲ. ವಿಮಾನ ಇಳಿಯುವ ಸದ್ದಿಗಿಂತ ಒಳ್ಳೇ ಆರಂಭ ಬೇರೆ ಯಾವುದಿದೆ? ಈ ಹಾಡು ರೆಕಾರ್ಡ್ ಆಗುವಾಗ ರಿಂಗೋ ಬೇಸರದಿಂದ ಬ್ಯಾಂಡ್ ಬಿಟ್ಟು ಹೋಗಿದ್ದರು, 1968ರ ಆಗಸ್ಟ್ ಕೊನೆಯಲ್ಲಿ. ಹಾಗಾಗಿ ಇದರಲ್ಲೂ ಡಿಯರ್ ಪ್ರೂಡೆನ್ಸ್‌ನಲ್ಲೂ ಡ್ರಮ್ ಮುಂದೆ ಕೂತದ್ದು ಮುಖ್ಯವಾಗಿ ಪಾಲ್. ಗೊತ್ತಿದ್ದು ಕೇಳಿದರೆ ಮೂರನೇ ಹಾಡು ಗ್ಲಾಸ್ ಆನಿಯನ್ ಶುರುವಿನಲ್ಲಿ ಬೀಳುವ ಎರಡು ಏಟಿಗೆ ಬೇರೆಯೇ ಅರ್ಥ ಬರುತ್ತದೆ. ರಿಂಗೋ ಬಂದರು ಅಂತ ಅನ್ನಿಸುತ್ತದೆ. ಈ ಮೂರನ್ನು ನಾನು ಇದ್ದ ಹಾಗೇ ಇಟ್ಟುಕೊಂಡೆ.

ಮೊದಲ ಬದಿಯ ಕೊನೆ ಹ್ಯಾಪಿನೆಸ್. ಮೆದು ಹಾಡು ಬೇಕು ಅಂತ ಈಗಷ್ಟೇ ಹೇಳಿದೆ, ಹ್ಯಾಪಿನೆಸ್ ಮೆದುವಲ್ಲ. ಆದರೆ ಎರಡು ಮುಕ್ಕಾಲು ನಿಮಿಷದಲ್ಲಿ ನಾಲ್ಕೈದು ಹಾಡಿನಷ್ಟು ತಿರುವು ಇರುವ ಈ ಹಾಡಿನ ಹಿಂದೆ ಇನ್ನೊಂದನ್ನು ಇಟ್ಟರೆ ಆ ಇನ್ನೊಂದು ಸೋಲುತ್ತದೆ. ಮೂಲ ಆಲ್ಬಮ್ಮಿನಲ್ಲೂ ಅದು ಮೊದಲ ಬದಿಯ ಕೊನೆಯಲ್ಲೇ ಇದೆ.

ಎರಡನೇ ಬದಿಯ ಬಾಗಿಲಿಗೆ ಹೆಲ್ಟರ್ ಸ್ಕೆಲ್ಟರ್ ತನ್ನಿ. ಮೂಲದಲ್ಲಿ ಅದು ಮೂರನೇ ಬದಿಯ ಆರನೇ ಹಾಡು, ಅಂದರೆ ತಟ್ಟೆಯ ಒಳಗಿನ ಇಕ್ಕಟ್ಟಿನ ಸುತ್ತುಗಳಲ್ಲಿ ಸಿಕ್ಕಿಕೊಂಡಿದೆ. ಹೊರಗಿನ ಉದ್ದ ಸುತ್ತಿಗೆ ತಂದರೆ ಅದರ ಅಬ್ಬರಕ್ಕೆ ಜಾಗ ಸಿಗುತ್ತದೆ. ಬದಿ ತಿರುವಿ ಹಾಕಿ ಮುಳ್ಳು ಇಟ್ಟ ತಕ್ಷಣ ಆ ಗಿಟಾರ್ ಮುಖಕ್ಕೆ ರಾಚುತ್ತದೆ.

ಅದರ ಹಿಂದೆಯೇ ಲಾಂಗ್ ಲಾಂಗ್ ಲಾಂಗ್. ರಿಂಗೋ ಕಿರುಚಿ ಮುಗಿಸಿದ ಮೇಲೆ ಜಾರ್ಜ್ ದನಿ ಎಷ್ಟು ಸಣ್ಣಗೆ ಬರುತ್ತದೆ ಅಂದರೆ ಮೊದಲ ಸಲ ಕೇಳುವವರು ವಾಲ್ಯೂಮ್ ಹೆಚ್ಚಿಸಲು ಕೈ ಚಾಚುತ್ತಾರೆ. ಹಾಗೆ ಮಾಡಬೇಡಿ. ಆ ಬಗ್ಗಿ ಕೇಳುವ ಸ್ಥಿತಿಯೇ ಈ ಹಾಡಿನ ಜೀವ. ಕೊನೆಯಲ್ಲಿ ಒಂದು ಗಡಗಡ ಸದ್ದು ಇದೆ. ಪಾಲ್ ಆರ್ಗನ್‌ನಲ್ಲಿ ಒಂದು ಸ್ವರ ಒತ್ತಿದಾಗ ಸ್ಪೀಕರ್ ಪೆಟ್ಟಿಗೆ ಮೇಲಿದ್ದ ವೈನ್ ಬಾಟಲಿ ನಡುಗಿದ ಸದ್ದು ಅದು. ಅವರು ಅದನ್ನು ಅಳಿಸದೆ ಉಳಿಸಿಕೊಂಡರು, ರಿಂಗೋ ಅದರ ಮೇಲೆ ಸ್ನೇರ್ ಡ್ರಮ್ ಉರುಳಿಸಿದರು, ಜಾರ್ಜ್ ಗೋಳಾಡುವ ಹಾಗೆ ದನಿ ಎತ್ತಿದರು. ಹೆಡ್‌ಫೋನ್ ಹಾಕಿಕೊಂಡು ಕೊನೆಯ ಅರ್ಧ ನಿಮಿಷ ಕೇಳಿ.

ಆಲ್ಬಮ್ಮಿನ ಕೊನೆ ಗುಡ್ ನೈಟ್. ಕೆಲವರಿಗೆ ಇದು ತೀರಾ ಸಿಹಿ ಅನ್ನಿಸುತ್ತದೆ, ಮಾರ್ಟಿನ್ ಬರೆದ ತಂತಿವಾದ್ಯಗಳು, ಕೋರಸ್, ಎಲ್ಲ ಹಳೇ ಸಿನಿಮಾ ಥರ. ನನಗೆ ಅದು ಬೇಕೇ ಬೇಕು. ಅದಕ್ಕೆ ಕಾರಣ ಅದರ ಹಿಂದಿನ ಹಾಡಿನಲ್ಲಿದೆ.

ಜೂಲಿಯಾ ಎಲ್ಲಿ?

ನನ್ನ ಪಟ್ಟಿಯ ಅತಿ ದೊಡ್ಡ ಬದಲಾವಣೆ ಇದು, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಜೂಲಿಯಾ ಜಾನ್ ಅವರ ಅಮ್ಮನ ಹೆಸರು. 1958ರ ಜುಲೈನಲ್ಲಿ ಕಾರು ಬಡಿದು ಅವರು ತೀರಿಕೊಂಡಾಗ ಜಾನ್‌ಗೆ 17 ವರ್ಷ. ಹತ್ತು ವರ್ಷ ಕಳೆದ ಮೇಲೆ ಈ ಹಾಡು. ಬೀಟಲ್ಸ್ ಹೆಸರಿನಲ್ಲಿ ಬಂದ ಹಾಡುಗಳಲ್ಲಿ ಜಾನ್ ಒಬ್ಬರೇ, ಬೇರೆ ಯಾರೂ ಜೊತೆಗಿಲ್ಲದೆ ಹಾಡಿ ನುಡಿಸಿದ್ದು ಇದೊಂದೇ. ಆ ಬೆರಳಾಟದ ಗಿಟಾರ್ ಶೈಲಿಯನ್ನು ಅವರು ರಿಷಿಕೇಶದಲ್ಲಿ ಗಾಯಕ ಡೊನೊವನ್ ಅವರಿಂದ ಕಲಿತದ್ದು.

ಗುಡ್ ನೈಟ್ ಹಾಡಿದ್ದು ರಿಂಗೋ, ಆದರೆ ಬರೆದದ್ದು ಜಾನ್. ತಮ್ಮ ಮಗ ಜೂಲಿಯನ್‌ಗಾಗಿ ಬರೆದ ಜೋಗುಳ. ಆಗ ಆ ಹುಡುಗನಿಗೆ ಐದು ವರ್ಷ. ಅಜ್ಜಿಯ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರು.

ಮೂಲ ಆಲ್ಬಮ್ಮಿನಲ್ಲಿ ಈ ಎರಡು ಹಾಡು ಬೇರೆ ಬೇರೆ ತಟ್ಟೆಯಲ್ಲಿವೆ. ಒಂದು ಎರಡನೇ ಬದಿಯ ಕೊನೆ, ಇನ್ನೊಂದು ನಾಲ್ಕನೇ ಬದಿಯ ಕೊನೆ. ನಡುವೆ 12 ಹಾಡು. ಅವನ್ನು ಅಕ್ಕಪಕ್ಕ ತನ್ನಿ. ಕಳೆದುಹೋದ ಅಮ್ಮನನ್ನು ಒಂದೇ ಗಿಟಾರ್ ಇಟ್ಟುಕೊಂಡು ಕರೆಯುವ ಮಗ, ಅದರ ಬೆನ್ನಿಗೇ ತನ್ನ ಮಗನನ್ನು ಮಲಗಿಸುವ ಅಪ್ಪ. ಆ ಜೋಗುಳವನ್ನೂ ತಾನು ಹಾಡದೆ ಗೆಳೆಯನ ಕೈಲಿ ಹಾಡಿಸುತ್ತಾನೆ. ಹೀಗೆ ಇಟ್ಟ ಮೇಲೆ ಗುಡ್ ನೈಟ್‌ನ ಸಿಹಿ ನನಗೆ ಜಾಸ್ತಿ ಅನ್ನಿಸಲೇ ಇಲ್ಲ. ಹಾಡಿನ ಒಂದು ಸ್ವರವೂ ಬದಲಾಗಿಲ್ಲ, ಪಕ್ಕದಲ್ಲಿರುವ ಹಾಡು ಬದಲಾಗಿದೆ ಅಷ್ಟೇ. ಹಾಡಿನ ಕ್ರಮಕ್ಕೆ ಎಷ್ಟು ಶಕ್ತಿ ಇದೆ ಅಂತ ನೋಡಬೇಕಿದ್ದರೆ ಈ ಎರಡು ಹಾಡು ಸಾಲಾಗಿ ಹಾಕಿ ಕೇಳಿ.

ನಡುವೆ ತುಂಬುವುದು

ಈಗ ಖಾಲಿ ಉಳಿದ ಜಾಗ. ಮೊದಲ ಬದಿಯಲ್ಲಿ ಗ್ಲಾಸ್ ಆನಿಯನ್ ಆದ ಮೇಲೆ ಎರಡು ಹಾಡು ಬೇಕು. ಗ್ಲಾಸ್ ಆನಿಯನ್ ಕೊನೆಗೆ ಸೊರಗುತ್ತಾ ಇಳಿಯುವ ತಂತಿವಾದ್ಯ ಇದೆ. ಅದು ಮುಗಿಯುತ್ತಿದ್ದಂತೆ ಮಾರ್ಥಾ ಮೈ ಡಿಯರ್‌ನ ಪಿಯಾನೋ ಬಂದರೆ ಕಿಟಕಿ ತೆರೆದಷ್ಟು ಹಗುರ. ಆ ಹಾಡಿನೊಳಗೂ ಮಾರ್ಟಿನ್ ಅವರ ತಂತಿವಾದ್ಯ ಇರುವುದರಿಂದ ಹಿಂದಿನದರ ಜೊತೆ ನಂಟು ಕಳಚುವುದಿಲ್ಲ. ಆಮೇಲೆ ಐ ಆಮ್ ಸೋ ಟಯರ್ಡ್, ನಿದ್ದೆ ಬಾರದ ರಾತ್ರಿಯ ಹಾಡು. ಅದರ ಗೊಣಗಾಟ ನಿಂತು ಎರಡು ಸೆಕೆಂಡು ಸುಮ್ಮನಿದ್ದು ಜಾರ್ಜ್ ಬರೆದ ವೈಲ್ ಮೈ ಗಿಟಾರ್. ಅದರಲ್ಲಿ ಅಳುವ ಗಿಟಾರ್ ಬ್ಯಾಂಡಿನ ಹೊರಗಿನವರಾದ ಎರಿಕ್ ಕ್ಲಾಪ್ಟನ್ ಅವರದು, ಸೆಪ್ಟೆಂಬರ್ 6ರಂದು ಬಂದು ನುಡಿಸಿ ಹೋದರು. ಕವರ್ ಮೇಲೆ ಅವರ ಹೆಸರಿಲ್ಲ.

ಎರಡನೇ ಬದಿಯಲ್ಲಿ ಲಾಂಗ್ ಲಾಂಗ್ ಲಾಂಗ್ ಆದ ಮೇಲೆ ಸೆಕ್ಸಿ ಸೇಡಿ. ಈ ಆಲ್ಬಮ್ಮಿನ ಬಹಳಷ್ಟು ಹಾಡು ಹುಟ್ಟಿದ್ದು 1968ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅವರು ರಿಷಿಕೇಶದ ಮಹರ್ಷಿ ಮಹೇಶ್ ಯೋಗಿ ಆಶ್ರಮದಲ್ಲಿದ್ದಾಗ. ಡಿಯರ್ ಪ್ರೂಡೆನ್ಸ್, ಧ್ಯಾನಕ್ಕೆ ಕೂತು ಕೋಣೆಯಿಂದ ಹೊರಗೇ ಬರದಿದ್ದ ಪ್ರೂಡೆನ್ಸ್ ಫ್ಯಾರೋ ಅವರನ್ನು ಹೊರಗೆ ಕರೆಯುವ ಹಾಡು. ಸೆಕ್ಸಿ ಸೇಡಿ, ಮಹರ್ಷಿಗಳ ಮೇಲೆ ಮುನಿಸಿಕೊಂಡು ಜಾನ್ ಅಲ್ಲಿಂದ ಹೊರಟಾಗ ಬರೆದದ್ದು. ಮೊದಲು ಅದರಲ್ಲಿ ಮಹರ್ಷಿ ಅಂತಲೇ ಇತ್ತು, ಆಮೇಲೆ ಹೆಸರು ಬದಲಾಯಿಸಿದರು. ಮೊದಲ ಬದಿಯಲ್ಲಿ ಪ್ರೂಡೆನ್ಸ್, ಎರಡನೇ ಬದಿಯಲ್ಲಿ ಸೇಡಿ ಇದ್ದರೆ ರಿಷಿಕೇಶಕ್ಕೆ ಹೋದ ಕಥೆ, ಅಲ್ಲಿಂದ ಹೊರಟ ಕಥೆ ಎರಡೂ ಸದ್ದಿಲ್ಲದೆ ಬಂದುಬಿಡುತ್ತವೆ.

ಸೇಡಿ ಆದ ಮೇಲೆ ಬ್ಲ್ಯಾಕ್‌ಬರ್ಡ್. ಇಲ್ಲಿ ಒಂದು ಎಚ್ಚರ. ಬ್ಲ್ಯಾಕ್‌ಬರ್ಡ್ ಮತ್ತು ಜೂಲಿಯಾ ಎರಡೂ ಒಂಟಿ ಗಿಟಾರ್, ಒಂಟಿ ದನಿ. ಸಾಲಾಗಿ ಇಟ್ಟರೆ ಒಂದು ಇನ್ನೊಂದನ್ನು ತಿನ್ನುತ್ತದೆ, ಕೇಳುವವರಿಗೆ ಐದು ನಿಮಿಷ ಏನೂ ನಡೆಯದ ಹಾಗೆ ಆಗುತ್ತದೆ. ನಡುವೆ ಗೋಡೆ ಬೇಕು. ನಾನು ಎಬ್ಬಿಸಿದ ಗೋಡೆ ಸವಾಯ್ ಟ್ರಫಲ್. ಕ್ಲಾಪ್ಟನ್ ಅವರ ಚಾಕೊಲೇಟ್ ಹುಚ್ಚನ್ನು ಕಂಡು ಜಾರ್ಜ್ ಬರೆದ ಹಾಡು. ರಿಂಗೋ ಡ್ರಮ್ ಉರುಳಿಸಿ ಶುರು ಮಾಡುತ್ತಾರೆ, ಆಮೇಲೆ ಬೇಕಂತಲೇ ಒರಟು ಮಾಡಿದ ಸ್ಯಾಕ್ಸೋಫೋನ್‌ಗಳ ಹಿಂಡು. ಬ್ಲ್ಯಾಕ್‌ಬರ್ಡ್‌ನ ಮೆದುವಿನ ಮೇಲೆ ಇದು ಬಿದ್ದಾಗ ಬದಿಗೆ ಮತ್ತೆ ಉಸಿರು ಬರುತ್ತದೆ. ಅದು ನಿಂತ ಮೇಲೆ ಜೂಲಿಯಾದ ಒಂಟಿ ಗಿಟಾರ್ ಇನ್ನೂ ಒಂಟಿಯಾಗಿ ಕೇಳಿಸುತ್ತದೆ.

ಪಟ್ಟಿ ಹೀಗಾಯಿತು:

ಮೊದಲ ಬದಿ
ಬ್ಯಾಕ್ ಇನ್ ದಿ ಯುಎಸ್‌ಎಸ್‌ಆರ್ – 2:43
ಡಿಯರ್ ಪ್ರೂಡೆನ್ಸ್ – 3:56
ಗ್ಲಾಸ್ ಆನಿಯನ್ – 2:18
ಮಾರ್ಥಾ ಮೈ ಡಿಯರ್ – 2:28
ಐ ಆಮ್ ಸೋ ಟಯರ್ಡ್ – 2:03
ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್ – 4:45
ಹ್ಯಾಪಿನೆಸ್ ಈಸ್ ಎ ವಾರ್ಮ್ ಗನ್ – 2:43

ಎರಡನೇ ಬದಿ
ಹೆಲ್ಟರ್ ಸ್ಕೆಲ್ಟರ್ – 4:29
ಲಾಂಗ್ ಲಾಂಗ್ ಲಾಂಗ್ – 3:04
ಸೆಕ್ಸಿ ಸೇಡಿ – 3:15
ಬ್ಲ್ಯಾಕ್‌ಬರ್ಡ್ – 2:18
ಸವಾಯ್ ಟ್ರಫಲ್ – 2:54
ಜೂಲಿಯಾ – 2:54
ಗುಡ್ ನೈಟ್ – 3:11

ಮೊದಲ ಬದಿ 20:56, ಎರಡನೆಯದು 22:05, ಒಟ್ಟು 43 ನಿಮಿಷ. ಬೇರೆ ಬೇರೆ ಮುದ್ರಣಗಳಲ್ಲಿ ಒಂದೆರಡು ಸೆಕೆಂಡು ಅತ್ತಿತ್ತ ಆಗಬಹುದು.

ಪಟ್ಟಿ ಮಾಡಿದ ಮೇಲೆ ತಲೆ ಎಣಿಸಿ. ಜಾನ್ 7, ಪಾಲ್ 4, ಜಾರ್ಜ್ 3. ಯಾರದೂ ಸಾಲಾಗಿ ಮೂರಿಲ್ಲ. ಜಾನ್ ಕಡೆ ವಾಲಿದೆ ಅಂತ ನೀವು ಅನ್ನಬಹುದು, ನಿಜ. ಆದರೆ ಆ ತಿಂಗಳುಗಳಲ್ಲೇ ಪಾಲ್ ಬರೆದ ಹೇ ಜೂಡ್ ಸಿಂಗಲ್ಲಿನ ಮುಂಬದಿಯಾಗಿ ಊರೆಲ್ಲ ಮೊಳಗುತ್ತಿತ್ತು. ಅದನ್ನು ಸೇರಿಸಿ ತೂಗಿದರೆ ಅನ್ಯಾಯ ಅನ್ನಿಸುವುದಿಲ್ಲ. ಜಾರ್ಜ್ ಹಾಡು 30ರಲ್ಲಿ 4 ಇದ್ದದ್ದು ಇಲ್ಲಿ 14ರಲ್ಲಿ 3 ಆಗಿದೆ. ಆ ವರ್ಷ ಅವರು ಬರೆಯುತ್ತಿದ್ದ ಮಟ್ಟಕ್ಕೆ ಅಷ್ಟು ಪಾಲು ಸಲ್ಲಲೇಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಿಟ್ಟ ಹಾಡುಗಳ ಪಟ್ಟಿ ಬೇರೆ ಮಾಡಿ

ಬಿಟ್ಟ ಪ್ರತಿ ಹಾಡಿನ ಮುಂದೆ ಒಂದು ಸಾಲು ಕಾರಣ ಬರೆಯಿರಿ. ಕಾರಣ ಬರೆಯಲು ಬರದಿದ್ದರೆ ಹಾಡನ್ನು ಮತ್ತೆ ಪರಿಗಣಿಸಬೇಕು ಅಂತ ಅರ್ಥ. ಓಬ್ಲಡಿ ಓಬ್ಲಡಾ ಜನಪ್ರಿಯ, ಆದರೆ ಪ್ರೂಡೆನ್ಸ್ ಮತ್ತು ಅಳುವ ಗಿಟಾರ್ ನಡುವೆ ಅದಕ್ಕೆ ಕೂರಲು ಜಾಗವಿಲ್ಲ. ರೆವಲ್ಯೂಷನ್ 9 ಎಂಟು ನಿಮಿಷ 22 ಸೆಕೆಂಡಿನ ಸದ್ದುಗಳ ಕೊಲಾಜ್. ನನಗೆ ಅದರ ಮೇಲೆ ಗೌರವವಿದೆ. ನಾಲ್ಕು ಬದಿಯ ಆಲ್ಬಮ್ಮಿನಲ್ಲಿ ಗುಡ್ ನೈಟ್‌ಗೆ ಮೊದಲು ಬರುವ ಕೆಟ್ಟ ಕನಸಿನ ಹಾಗೆ ಅದು ಸರಿಯಾಗಿ ಕೂತಿದೆ, ಒಂದೇ ಎಲ್‌ಪಿಯಲ್ಲಿ ಇಟ್ಟರೆ ಮೂರು ಹಾಡಿನ ಜಾಗ ಹೋಗುತ್ತದೆ. ಡೋಂಟ್ ಪಾಸ್ ಮಿ ಬೈ ರಿಂಗೋ ತಾವೊಬ್ಬರೇ ಬರೆದ ಮೊದಲ ಹಾಡು, ಆದರೆ ಅವರ ದನಿ ಗುಡ್ ನೈಟ್‌ನಲ್ಲಿ ಇದೆ. ಮದರ್ ನೇಚರ್ಸ್ ಸನ್ ಬ್ಲ್ಯಾಕ್‌ಬರ್ಡ್ ಎದುರು ಸೋತಿತು, ಕೂದಲೆಳೆಯಲ್ಲಿ.

ಕ್ರೈ ಬೇಬಿ ಕ್ರೈ ಬಿಡುವುದು ನನಗೆ ತುಂಬಾ ಕಷ್ಟ ಆಯಿತು. ಹಾಡು ಒಳ್ಳೇದು, ಬಾಲದ ತುಣುಕು ಇನ್ನೂ ಒಳ್ಳೇದು. ಗುಡ್ ನೈಟ್‌ಗೆ ಮುಂಚೆ ಅದನ್ನೇ ಇಡಬೇಕು ಅಂತ ತುಂಬಾ ಹೊತ್ತು ಅನ್ನಿಸುತ್ತಿತ್ತು. ಇಟ್ಟರೆ ಜೂಲಿಯಾ ಮತ್ತು ಗುಡ್ ನೈಟ್ ಬೇರೆಯಾಗುತ್ತವೆ, ಬದಿಯೂ 25 ನಿಮಿಷ ದಾಟುತ್ತದೆ. ಒಂದು ಒಳ್ಳೇ ಹಾಡಿಗಾಗಿ ಒಂದು ಒಳ್ಳೇ ಜೋಡಿಯನ್ನು ಮುರಿಯಬಾರದು ಅಂತ ತೀರ್ಮಾನಿಸಿದೆ. ನಿಮ್ಮ ಪಟ್ಟಿಯಲ್ಲೂ ಇಂಥ ಒಂದು ಹಾಡು ಇದ್ದೇ ಇರುತ್ತದೆ.

ಫೋನಿನಲ್ಲಿ ಕೂರಿಸುವಾಗ

ಆ್ಯಪ್‌ನಲ್ಲಿ ಪ್ಲೇಲಿಸ್ಟ್ ಮಾಡಿದರೆ ಐದು ನಿಮಿಷದ ಕೆಲಸ, ಆದರೆ ನಾಲ್ಕು ಸೆಟ್ಟಿಂಗ್ ನೋಡಿಕೊಳ್ಳಿ. ಶಫಲ್ ಆಫ್. ಕ್ರಾಸ್‌ಫೇಡ್ ಸೊನ್ನೆ, ಇಲ್ಲದಿದ್ದರೆ ಎಲ್ಲ ಹಾಡಿನ ಕೊನೆಯೂ ಮುಂದಿನದರ ಜೊತೆ ಕಲಸಿಹೋಗುತ್ತದೆ. ಗ್ಯಾಪ್‌ಲೆಸ್ ಅನ್ನುವ ಆಯ್ಕೆ ಇದ್ದರೆ ಆನ್ ಮಾಡಿ, ಆಗ ವಿಮಾನದ ಸದ್ದು ಪ್ರೂಡೆನ್ಸ್‌ಗೆ ತಡೆಯಿಲ್ಲದೆ ದಾಟುತ್ತದೆ.

ನಾಲ್ಕನೆಯದು ಬಹಳ ಜನ ಗಮನಿಸುವುದಿಲ್ಲ: ವಾಲ್ಯೂಮ್ ನಾರ್ಮಲೈಸೇಷನ್, ಅಂದರೆ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಏರ್ಪಾಡು. ಸ್ಪಾಟಿಫೈನಲ್ಲಿ ಆಲ್ಬಮ್ಮನ್ನು ಕ್ರಮವಾಗಿ ಕೇಳಿದರೆ ಇಡೀ ಆಲ್ಬಮ್ಮಿಗೆ ಒಂದೇ ಅಳತೆ ಹಾಕುತ್ತಾರೆ. ಪ್ಲೇಲಿಸ್ಟ್ ಆದರೆ ಹಾಡು ಹಾಡಿಗೂ ಬೇರೆ ಅಳತೆ. ಅಂದರೆ ಲಾಂಗ್ ಲಾಂಗ್ ಲಾಂಗ್ ಎದ್ದು ಹೆಲ್ಟರ್ ಸ್ಕೆಲ್ಟರ್ ಸಮಕ್ಕೆ ಬಂದು ನಿಲ್ಲುವ ಹಾಗಾಗುತ್ತದೆ, ಅಲ್ಲಿಗೆ ಆ ಜೋಡಿಯ ಕಥೆ ಮುಗಿಯಿತು. ಇದನ್ನು ಆಫ್ ಮಾಡಿಯೇ ಕೇಳಿ.

ನಿಮ್ಮ ಹತ್ತಿರ ಸಿಡಿ ಇದ್ದರೆ ಇನ್ನೂ ಚೆನ್ನಾಗಿ ಮಾಡಬಹುದು. ಸಿಡಿಯಿಂದ ಹಾಡುಗಳನ್ನು ಡಬ್ಲ್ಯುಎವಿ ಅಥವಾ ಫ್ಲ್ಯಾಕ್ ಆಗಿ ಕಂಪ್ಯೂಟರಿಗೆ ಇಳಿಸಿ, ಉಚಿತವಾಗಿ ಸಿಗುವ ಆಡಾಸಿಟಿ ಅನ್ನುವ ಸದ್ದು ಜೋಡಿಸುವ ತಂತ್ರಾಂಶದಲ್ಲಿ ಒಂದೊಂದು ಬದಿಯನ್ನು ಒಂದೇ ಉದ್ದ ಪಟ್ಟಿಯಾಗಿ ಜೋಡಿಸಿ. ಈಗ ಹಾಡುಗಳ ನಡುವಿನ ಮೌನ ನಿಮ್ಮ ಕೈಯಲ್ಲಿದೆ. ಹೆಲ್ಟರ್ ಸ್ಕೆಲ್ಟರ್ ಆದ ಮೇಲೆ ಅರ್ಧ ಸೆಕೆಂಡು ಸಾಕು. ಸವಾಯ್ ಟ್ರಫಲ್ ಆದ ಮೇಲೆ ಮೂರು ನಾಲ್ಕು ಸೆಕೆಂಡು ಬಿಡಿ, ಕಿವಿ ತಣ್ಣಗಾಗಲಿ. ಜೂಲಿಯಾ ಮತ್ತು ಗುಡ್ ನೈಟ್ ನಡುವೆ ಎರಡು ಸೆಕೆಂಡು. ಹಾಡುಗಳ ಒಳಗೆ ಕತ್ತರಿ ಹಾಕಬೇಡಿ. ಮಾಡಿದ ಫೈಲ್ ನೀವು ಕೇಳುವುದಕ್ಕೆ ಮಾತ್ರ, ಎಲ್ಲೂ ಏರಿಸಬೇಡಿ, ಹಂಚಿಕೊಳ್ಳುವುದಿದ್ದರೆ ಪಟ್ಟಿ ಹಂಚಿ.

ಜೋಡಿಸಿದ ಮೇಲೆ ಮೊದಲು ಸಂದುಗಳನ್ನು ಮಾತ್ರ ಕೇಳಿ. ಒಂದು ಹಾಡಿನ ಕೊನೆಯ 20 ಸೆಕೆಂಡು, ಮುಂದಿನದರ ಮೊದಲ 20 ಸೆಕೆಂಡು. ಬದಿಗೆ ಆರು ಸಂದು, ಎರಡು ಬದಿಗೆ ಹನ್ನೆರಡು. ಎಲ್ಲಿ ಕಿವಿ ಎಡವುತ್ತದೋ ಅಲ್ಲಿ ಗುರುತು ಹಾಕಿ. ಆಮೇಲೆ ಒಂದು ವಾರ ಮುಟ್ಟದೆ ಬಿಟ್ಟು, ಬೇರೆ ಕೆಲಸ ಮಾಡುತ್ತಾ ಪೂರ್ತಿ ಹಾಕಿ. ಕೈಗೆ ಸಿಕ್ಕ ಕೆಲಸ ಬಿಟ್ಟು ಫೋನ್ ಎತ್ತಿ ಹಾಡು ದಾಟಿಸಬೇಕು ಅಂತ ಎಲ್ಲಿ ಅನ್ನಿಸುತ್ತದೋ ಅಲ್ಲಿ ಪಟ್ಟಿ ಸೋತಿದೆ. ಅಲ್ಲಿಂದ ಎರಡು ಹಾಡು ಹಿಂದೆ ಹೋಗಿ ಸರಿಪಡಿಸಿ. ಬೇಸರ ತಂದ ಹಾಡಿನದೇ ತಪ್ಪು ಅಂದುಕೊಳ್ಳಬೇಡಿ, ಹೆಚ್ಚಿನ ಸಲ ತಪ್ಪು ಅದರ ಹಿಂದಿನವುಗಳದ್ದು.

ಇದು ಮುಗಿದ ಮೇಲೆ ಕರಾರು ಬದಲಾಯಿಸಿ ಇನ್ನೊಂದು ಕಟ್ಟಬಹುದು. 1968ರ ಮೇ ಕೊನೆಯಲ್ಲಿ ಈಶರ್‌ನ ಜಾರ್ಜ್ ಮನೆಯಲ್ಲಿ ಅಕೌಸ್ಟಿಕ್ ಗಿಟಾರ್ ಹಿಡಿದು ಮಾಡಿದ 27 ಡೆಮೋಗಳು 2018ರ ಆವೃತ್ತಿಯಲ್ಲಿ ಇವೆ, ಅವುಗಳಿಂದಲೇ ಒಂದು ಎಲ್‌ಪಿ ಆಗುತ್ತದೆ. ಸಿಂಗಲ್ಲುಗಳನ್ನೂ ಒಳಗೆ ಬಿಟ್ಟುಕೊಂಡರೆ ದಿ ಇನ್ನರ್ ಲೈಟ್ ಸಿಗುತ್ತದೆ, ಅದರ ವಾದ್ಯಗಳೆಲ್ಲ 1968ರ ಜನವರಿಯಲ್ಲಿ ಮುಂಬೈನ ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮವರೇ ನುಡಿಸಿದ್ದು. ಜಾರ್ಜ್ ಪಾಲು ಇನ್ನೂ ಹೆಚ್ಚಿಸಬೇಕಿದ್ದರೆ ನಾಟ್ ಗಿಲ್ಟಿ ಇದೆ. ಆಗಸ್ಟ್‌ನಲ್ಲಿ ನೂರಕ್ಕೂ ಹೆಚ್ಚು ಟೇಕ್ ತೆಗೆದು ಕೊನೆಗೆ ಆಲ್ಬಮ್ಮಿನಿಂದ ಹೊರಗಿಟ್ಟರು, 1996ರಲ್ಲಿ ಆಂಥಾಲಜಿ 3 ಅನ್ನುವ ಬೀಟಲ್ಸ್ ಸಂಗ್ರಹದಲ್ಲಿ ಬಂತು. ಸವಾಯ್ ಟ್ರಫಲ್ ಜಾಗದಲ್ಲಿ ಅದನ್ನು ಇಟ್ಟು ನೋಡಿ, ಜೂಲಿಯಾಗೆ ಹೋಗುವ ದಾರಿ ಪೂರಾ ಬದಲಾಗುತ್ತದೆ.